ತೊಗರಿಯ ಬುಡಕ್ಕೆ ಔಷಧ ಸುರಿಯುವ ಮುನ್ನ: ಬೇರಿನ ಶಿಲೀಂಧ್ರವನ್ನು ಉಳಿಸಿಕೊಳ್ಳುವ ಬಗೆ

ಮೊದಲು ಒಂದು ಲೆಕ್ಕ. ಎಕರೆಗೆ 6 ಕಿಲೊ ತೊಗರಿ ಬೀಜ ಬೇಕು. ಕಿಲೊ ಬೀಜಕ್ಕೆ 2 ಗ್ರಾಂನಂತೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಲೇಪಿಸಿದರೆ ಒಟ್ಟು 12 ಗ್ರಾಂ ಪುಡಿ ಆಯಿತು, ಒಂದು ಹಿಡಿಯೂ ಇಲ್ಲ. ಅದೇ ಎಕರೆಯಲ್ಲಿ ಸಾಲಿಗೂ ಸಾಲಿಗೂ 3 ಅಡಿ, ಗಿಡಕ್ಕೂ ಗಿಡಕ್ಕೂ 1 ಅಡಿ ಬಿಟ್ಟರೆ ಸುಮಾರು 14,500 ಗಿಡ ನಿಲ್ಲುತ್ತವೆ. ಗಿಡ ಬಾಡಿ ಸಾಯುವ ನೆಟೆ ರೋಗ ಕಂಡಿತೆಂದು ಒಂದೊಂದು ಗಿಡದ ಬುಡಕ್ಕೂ 100 ಮಿಲಿ ಲೀಟರ್ ದ್ರಾವಣ ಸುರಿಯಲು ಹೊರಟರೆ 1,450 ಲೀಟರ್ ನೀರು ಬೇಕು. ಲೀಟರಿಗೆ 1 ಗ್ರಾಂ ಎಂದರೂ 1,450 ಗ್ರಾಂ ಪುಡಿ. ಬೀಜಕ್ಕೆ ಹಾಕಿದ್ದಕ್ಕಿಂತ 120 ಪಟ್ಟು ಹೆಚ್ಚು ಔಷಧ ಅದೇ ಮಣ್ಣಿಗೆ ಇಳಿಯುತ್ತದೆ, ಅದೂ ಬೇರು ಪೂರ್ತಿ ಹರಡಿಕೊಂಡಿರುವ ಹೊತ್ತಿನಲ್ಲಿ.

ಈ ಲೆಕ್ಕವನ್ನು ನಾನು ತಡವಾಗಿ ಹಾಕಿದೆ. ಆಳಂದ ಕಡೆಯ ನಮ್ಮ ಎರೆ ಹೊಲದಲ್ಲಿ ಒಂದು ವರ್ಷ, ಸೆಪ್ಟೆಂಬರ್ ಕೊನೆಯಲ್ಲಿ, ಅಲ್ಲೊಂದು ಇಲ್ಲೊಂದು ಗಿಡ ಬಾಡತೊಡಗಿತು. ಗೊಬ್ಬರದ ಅಂಗಡಿಯಲ್ಲಿ ಎರಡು ಬಗೆಯ ಪುಡಿ, ಒಂದು ಎಣ್ಣೆ ಕೊಟ್ಟರು (ಬಾಟಲಿಯಲ್ಲಿ ಬರುವ ಔಷಧಕ್ಕೆಲ್ಲ ನಮ್ಮಲ್ಲಿ ಎಣ್ಣೆ ಎಂದೇ ಹೆಸರು). ಪಂಪಿನ ನಳಿಕೆ ಬಿಚ್ಚಿ ಎರಡು ದಿನ ಬುಡಬುಡಕ್ಕೆ ಸುರಿದೆವು. ಮೂರನೆಯ ದಿನ ಟ್ಯಾಂಕರಿನ ನೀರು ಮುಗಿದು ಬದುವಿನ ಕಡೆಯ ಎಂಟು ಸಾಲು ಹಾಗೆಯೇ ಉಳಿದವು. ರಾಶಿ ಮಾಡುವ ದಿನ ಕಾಕಾ ಕೇಳಿದರು: "ತಮ್ಮಾ, ಔಷಧ ಬಿದ್ದ ಸಾಲು ಯಾವುದು, ಬೀಳದ್ದು ಯಾವುದು, ತೋರಿಸು ನೋಡೋಣ." ನನಗೆ ತೋರಿಸಲು ಆಗಲಿಲ್ಲ. ಎಂಟು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ, ಬದುವಿನ ಸಾಲುಗಳಿಗೆ ಗಾಳಿ ಬೆಳಕು ಹೆಚ್ಚು ಸಿಗುವುದರಿಂದ ಅವು ಮೊದಲೇ ಬೇರೆ ಲೆಕ್ಕ. ಆದರೂ ಆ ಪ್ರಶ್ನೆ ನನ್ನನ್ನು ಬೇರಿನ ತನಕ ಕೊಂಡೊಯ್ದಿತು. ಅಲ್ಲಿ ಕಂಡದ್ದನ್ನೂ, ಆ ಬಳಿಕ ರೂಢಿಸಿಕೊಂಡ ಕ್ರಮವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೇರಿನಲ್ಲಿ ಇರುವವರು ಯಾರು

ಶಿಲೀಂಧ್ರ ಎಂದ ಕೂಡಲೇ ನಮಗೆ ನೆಟೆ ರೋಗ ನೆನಪಾಗುತ್ತದೆ. ತೊಗರಿಯ ನೆಟೆಗೆ ಕಾರಣವಾದ ಶಿಲೀಂಧ್ರಕ್ಕೆ ಫ್ಯುಸೇರಿಯಮ್ ಉಡಮ್ ಎಂದು 1910ರಲ್ಲೇ ಹೆಸರಿಡಲಾಯಿತು. ಅದೇ ಬೇರಿನಲ್ಲಿ ಇನ್ನೊಂದು ಜಾತಿಯ ಶಿಲೀಂಧ್ರವೂ ಬಾಳುತ್ತದೆ. ಅದಕ್ಕೆ ಮೈಕೊರೈಜಾ ಅಥವಾ ಬೇರುಶಿಲೀಂಧ್ರ ಎನ್ನುತ್ತಾರೆ. ಅಂಗಡಿಯ ಪೊಟ್ಟಣದ ಮೇಲೆ ವ್ಯಾಮ್ ಎಂದು ಬರೆದಿರುವುದೂ ಇದನ್ನೇ.

ಇದರ ಕೆಲಸ ತಿಳಿಯಬೇಕಾದರೆ ರಂಜಕದ ಸ್ವಭಾವ ಗೊತ್ತಿರಬೇಕು. ಯೂರಿಯಾದ ಸಾರಜನಕ ನೀರಿನೊಂದಿಗೆ ಹರಿದು ಬೇರಿಗೆ ಬರುತ್ತದೆ. ರಂಜಕ ಬಿದ್ದ ಜಾಗದಲ್ಲೇ ಕೂರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿ ಮೀಟರ್ ಮಣ್ಣಿನಲ್ಲಿರುವುದನ್ನು ಹೀರಿದ ಮೇಲೆ ಅಲ್ಲಿಗೆ ಮುಗಿಯಿತು. ಬೇರುಶಿಲೀಂಧ್ರದ ಎಳೆಗಳು ಬೇರಿನ ರೋಮಕ್ಕಿಂತಲೂ ಸಣ್ಣವು. ಅವು ಬೇರಿನೊಳಗಿಂದ ಹೊರಟು ಹಲವು ಸೆಂಟಿ ಮೀಟರ್ ದೂರದ ಮಣ್ಣಿಗೆ ಚಾಚಿ, ಬೇರು ತೂರಲಾರದ ಸಂದಿಯಿಂದಲೂ ರಂಜಕ ಮತ್ತು ಸತುವನ್ನು ತಂದು ಕೊಡುತ್ತವೆ. ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆ 40 ಕೋಟಿ ವರ್ಷಗಳಷ್ಟು ಹಳೆಯದು ಎಂಬುದಕ್ಕೆ ಪಳೆಯುಳಿಕೆಗಳ ಸಾಕ್ಷಿ ಇದೆ.

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ನಮ್ಮ ಮಣ್ಣಿನ ಸುಣ್ಣದ ಗುಣವನ್ನು ಹೊಗಳಿದವರು ಬಹಳ. ಆ ಸುಣ್ಣವೇ ಡಿಎಪಿ ಗೊಬ್ಬರದ ರಂಜಕವನ್ನು ಹಿಡಿದು ಕಟ್ಟಿಹಾಕುತ್ತದೆ. ಬೀದರ್‌ನ ಕೆಂಪು ಮಣ್ಣಿನಲ್ಲಿ ಅದೇ ಕೆಲಸವನ್ನು ಕಬ್ಬಿಣ ಮಾಡುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಸ್ರವಿಸಿ ಕಬ್ಬಿಣಕ್ಕೆ ಅಂಟಿದ ರಂಜಕವನ್ನು ಬಿಡಿಸಿಕೊಳ್ಳಬಲ್ಲದು, ಸುಣ್ಣಕ್ಕೆ ಅಂಟಿದ್ದರ ಮೇಲೆ ಆ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆದ್ದರಿಂದಲೇ ಎರೆ ಮಣ್ಣಿನ ತೊಗರಿಗೆ ಶಿಲೀಂಧ್ರದ ನಂಟು ಹೆಚ್ಚು ಬೇಕು.

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಿ. ಈ ಶಿಲೀಂಧ್ರಕ್ಕೆ ಜೀವಂತ ಬೇರಿಲ್ಲದೆ ಬದುಕಿಲ್ಲ. ತಿಪ್ಪೆಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನಮ್ಮದರಂತಹ ಕಪ್ಪು ಜೇಡಿ ಹೊಲಗಳನ್ನು ವರ್ಷಕ್ಕೂ ಮೇಲ್ಪಟ್ಟು ಬರಿದಾಗಿ ಬಿಟ್ಟು ಆಮೇಲೆ ಬಿತ್ತಿದಾಗ, ಮಣ್ಣಿನಲ್ಲಿ ತೇವ ಇದ್ದರೂ ಬೆಳೆ ಕುಂಟಿತು. ಹುಡುಕುತ್ತ ಹೋದವರಿಗೆ ಸಿಕ್ಕ ಕಾರಣ, ಬೇರಿಲ್ಲದೆ ಈ ಶಿಲೀಂಧ್ರ ಕ್ಷೀಣಿಸಿದ್ದು. ಅಗಸೆಯಲ್ಲಿ ಅದು ಎದ್ದು ಕಂಡಿತು. ಮುಂಗಾರಿನಲ್ಲಿ ಬರಿದು ಬಿಟ್ಟು ಹಿಂಗಾರಿಗೆ ಬಿಳಿಜೋಳ ಬಿತ್ತುವ ನಮ್ಮವರೂ ಇದನ್ನು ಒಮ್ಮೆ ಯೋಚಿಸಬೇಕು.

ಮೊದಲ ಹೆಜ್ಜೆ: ಸತ್ತ ಗಿಡವನ್ನು ಸೀಳಿ ನೋಡಿ

ಅಂಗಡಿಗೆ ಹೋಗುವ ಮೊದಲು ಹೊಲಕ್ಕೆ ಹೋಗಿ. ಬಾಡಿದ ಐದಾರು ಗಿಡಗಳನ್ನು ಗುದ್ದಲಿಯಿಂದ ಅಗೆದು ತೆಗೆಯಿರಿ, ಎಳೆದು ಕಿತ್ತರೆ ಸಣ್ಣ ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಕಾಂಡವನ್ನು ಬುಡದಿಂದ ಮೇಲಕ್ಕೆ ಸೀಳಿ.

ಒಳಗೆ ಕಂದು ಅಥವಾ ಕಪ್ಪು ಗೆರೆ ಮೇಲಕ್ಕೆ ಏರಿದ್ದರೆ, ಹೊರಗೆ ಬುಡದಿಂದ ನೇರಳೆ ಪಟ್ಟಿ ಕಂಡರೆ, ಅದು ನೆಟೆ. ಒಂದೇ ಗಿಡದ ಒಂದು ಕೊಂಬೆ ಒಣಗಿ ಇನ್ನೊಂದು ಹಸಿರಾಗಿರುವುದೂ ಇದರ ಗುರುತು. ಬೇರಿನ ತೊಗಟೆ ನಾರುನಾರಾಗಿ ಸುಲಿದು ಬಂದರೆ, ಅದೂ ಮಳೆ ಕೈಕೊಟ್ಟು ಬಿಸಿಲು ಏರಿದ ಮೇಲೆ, ಒಣಬೇರು ಕೊಳೆ ಎಂದು ಅನುಮಾನಿಸಿ. ನೀರು ನಿಂತ ತಗ್ಗಿನಲ್ಲಿ ಕಾಂಡದ ಮೇಲೆ ಕಂದು ಗಾಯವಾಗಿ ಗಿಡ ಅಲ್ಲೇ ಮುರಿದರೆ ಅದು ಫೈಟೋಫ್ತೊರಾ. ಬೇರಿಗೆ ಸಾಸಿವೆಗಿಂತ ಸಣ್ಣ ಮುತ್ತುಗಳು ಅಂಟಿದ್ದರೆ ಜಂತುಹುಳು. ಹೊಲವೆಲ್ಲ ಹಸಿರಾಗಿದ್ದು ಹೂವೇ ಬಿಡದಿದ್ದರೆ ಗೊಡ್ಡು ರೋಗ, ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಇದಕ್ಕೆ ಮಣ್ಣಿಗೆ ಶಿಲೀಂಧ್ರನಾಶಕ ಸುರಿದವರನ್ನೂ ನಾನು ನೋಡಿದ್ದೇನೆ.

ಗೊತ್ತಾಗದಿದ್ದರೆ ಅಗೆದ ಗಿಡವನ್ನು ಬೇರು ಮಣ್ಣಿನ ಸಮೇತ ಗೋಣಿಯಲ್ಲಿ ಸುತ್ತಿ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಮೊಬೈಲಿನಲ್ಲಿ ಎಲೆಯ ಚಿತ್ರ ಕಳಿಸಿದರೆ ಬೇರಿನ ರೋಗ ಯಾರಿಗೂ ತಿಳಿಯುವುದಿಲ್ಲ.

ನೆಟೆ ಎಂದೇ ಖಚಿತವಾದರೆ, ಬಾಡಿದ ಗಿಡಕ್ಕೆ ಸುರಿದ ಔಷಧದಿಂದ ಫಲ ಸಿಗದು. ಶಿಲೀಂಧ್ರ ಆಗಲೇ ನೀರು ಏರುವ ನಾಳಗಳನ್ನು ಮುಚ್ಚಿರುತ್ತದೆ, ಔಷಧವೂ ಅದೇ ನಾಳದಲ್ಲಿ ಏರಬೇಕು. ಸುತ್ತಲಿನ ಗಿಡಗಳಿಗೆ ಒಂದಿಷ್ಟು ರಕ್ಷಣೆ ಸಿಗಬಹುದು. ಇಡೀ ಎಕರೆಗೆ ಸುರಿಯಲು ಅದು ಸಾಕಾದ ಕಾರಣವೆಂದು ನನಗೆ ಅನಿಸುವುದಿಲ್ಲ.

ಎರಡನೆಯ ಹೆಜ್ಜೆ: ಪೊಟ್ಟಣದ ಹಿಂಭಾಗ ಓದಿ

ವ್ಯಾಪಾರಿ ಹೆಸರು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಹುಡುಕಿ. ಅದರ ಮೇಲೆ ನಿಂತಿದೆ ಎಲ್ಲ.

ಕಾರ್ಬೆಂಡಜಿಮ್ ವಿಷಯದಲ್ಲಿ ಒಂದು ವಿಚಿತ್ರ ಕಥೆ ಇದೆ. ಬೇರುಶಿಲೀಂಧ್ರ ಇಲ್ಲದಿದ್ದರೆ ಬೆಳೆ ಹೇಗಿರುತ್ತದೆ ಎಂದು ಹೊಲದಲ್ಲೇ ನೋಡಬೇಕಾದಾಗ ವಿಜ್ಞಾನಿಗಳು ಬೆನೊಮಿಲ್ ಎಂಬ ಔಷಧವನ್ನು ಮಣ್ಣಿಗೆ ಸುರಿಯುತ್ತಿದ್ದರು. ಬೇರುಶಿಲೀಂಧ್ರವನ್ನು ಅಡಗಿಸುವುದಕ್ಕೆಂದೇ ಅದನ್ನು ಆರಿಸಿಕೊಳ್ಳುತ್ತಿದ್ದರು. ಬೆನೊಮಿಲ್ ಮಣ್ಣಿನಲ್ಲಿ ಒಡೆದು ಆಗುವುದು ಕಾರ್ಬೆಂಡಜಿಮ್. ಬೆನೊಮಿಲ್ ಅನ್ನು ಭಾರತದಲ್ಲಿ 2018ರಲ್ಲಿ ನಿಷೇಧಿಸಲಾಯಿತು, ಕಾರ್ಬೆಂಡಜಿಮ್ ಅಂಗಡಿಯಲ್ಲೇ ಇದೆ. ಬರಿಯ ಮಣ್ಣಿನಲ್ಲಿ ಇದು ಅರ್ಧದಷ್ಟು ಕರಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ರೋಗದ ಶಿಲೀಂಧ್ರವನ್ನು ತಡೆಯಲು ಬೀಜಕ್ಕೆ ಹಚ್ಚುವ ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ. ಅದನ್ನು ಮತ್ತು ಕಾರ್ಬೆಂಡಜಿಮ್ ಅನ್ನು ಒಂದೇ ಬಕೀಟಿನಲ್ಲಿ ಕಲಸುವುದು, ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕೀಳುವ ಕೆಲಸ.

ಪ್ರೊಪಿಕೊನಜೋಲ್‌ನಂತಹ ಟ್ರೈಅಜೋಲ್ ಗುಂಪಿನವು ಎಲೆಗೆ ಸಿಂಪಡಿಸಲು ಇರುವಂಥವು, ಬೇರಿಗೆ ಸುರಿದರೆ ಇವೂ ಶಿಲೀಂಧ್ರವನ್ನು ಕುಗ್ಗಿಸುತ್ತವೆ. ತಾಮ್ರದ ಪುಡಿ, ಅಂದರೆ ಕಾಪರ್ ಆಕ್ಸಿಕ್ಲೋರೈಡ್, ಒಡೆಯುವ ವಸ್ತುವೇ ಅಲ್ಲ. ತಾಮ್ರ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಮೆಟಲಾಕ್ಸಿಲ್ ಬೇರೆ ಬಗೆಯದು. ಅದು ಕೊಲ್ಲುವ ಫೈಟೋಫ್ತೊರಾ ನಿಜವಾದ ಶಿಲೀಂಧ್ರದ ಕುಲಕ್ಕೆ ಸೇರಿದ್ದಲ್ಲ, ಹಾಗಾಗಿ ಬೇರುಶಿಲೀಂಧ್ರಕ್ಕೆ ಅದರಿಂದ ಸಾಮಾನ್ಯವಾಗಿ ದೊಡ್ಡ ಹಾನಿ ಇಲ್ಲ. ಮೊದಲ ಹೆಜ್ಜೆಯಲ್ಲಿ ರೋಗ ಗುರುತಿಸಲು ಅಷ್ಟು ಹೇಳಿದ್ದು ಇದಕ್ಕಾಗಿಯೇ.

ಗೆದ್ದಲು, ಗೊಣ್ಣೆಹುಳುವಿಗೆ ಹಾಕುವ ಕೀಟನಾಶಕಗಳು ಹೇಳಿದ ಪ್ರಮಾಣದಲ್ಲಿದ್ದರೆ ಬೇರುಶಿಲೀಂಧ್ರಕ್ಕೆ ತಗಲುವ ಪೆಟ್ಟು ಶಿಲೀಂಧ್ರನಾಶಕದಷ್ಟು ಇರುವುದಿಲ್ಲ. ಮಣ್ಣಿನ ಉಳಿದ ಸಣ್ಣ ಜೀವಿಗಳಿಗೆ, ಸುರಿಯುವ ಮನುಷ್ಯನಿಗೆ ಪೆಟ್ಟು ಇದ್ದೇ ಇದೆ. ಅಫಜಲಪುರ, ಬೀದರ್ ಕಡೆಯ ಕಬ್ಬಿನವರ ಕೊಟ್ಟಿಗೆಯಲ್ಲಿ ಹಳೆಯ ಫೋರೇಟ್ ಹರಳು ಇದ್ದರೆ ಅದನ್ನು ಬಳಸಬೇಡಿ, 2020ರ ಡಿಸೆಂಬರ್ 31ರಿಂದ ಅದರ ಬಳಕೆಗೆ ನಿಷೇಧವಿದೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಮೋಸ ಹೋಗುವವರು ಹಲವರು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಬಣ್ಣಗಳು ಮನುಷ್ಯನ ಮೈಗೆ ಎಷ್ಟು ವಿಷ ಎಂಬುದನ್ನು ಹೇಳುತ್ತವೆ. ಹಸಿರು ತ್ರಿಕೋನ ಇದ್ದ ಮಾತ್ರಕ್ಕೆ ಮಣ್ಣಿನ ಜೀವಿಗೆ ಒಳ್ಳೆಯದೆಂದು ಅರ್ಥವಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕುಂಡದಲ್ಲಿ ಒಂದೇ ಜಾತಿಯ ಶಿಲೀಂಧ್ರ ಇಟ್ಟು ಔಷಧ ಹಾಕಿದಾಗ ಕಾಣುವ ಹಾನಿ ಹೊಲದಲ್ಲಿ ಯಾವಾಗಲೂ ಅಷ್ಟೇ ಕಾಣುವುದಿಲ್ಲ. ಹೊಲದಲ್ಲಿ ಹತ್ತಾರು ಜಾತಿಗಳಿರುತ್ತವೆ, ಜೇಡಿ ಮಣ್ಣು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಂಜಕ ಹೇರಳವಾಗಿರುವ ಹೊಲದಲ್ಲಿ ಶಿಲೀಂಧ್ರ ಕುಗ್ಗಿದರೂ ಬೆಳೆಗೆ ಗೊತ್ತೇ ಆಗದಿರಬಹುದು, ರೋಗ ತಗ್ಗಿ ಇಳುವರಿ ಹೆಚ್ಚಲೂಬಹುದು. ಹಾಗೆಂದು ಹೊಲದಲ್ಲಿ ಹಾನಿಯೇ ಇಲ್ಲವೆನ್ನಲಾಗದು. ಯುರೋಪಿನ 150 ಬೆಳೆ ಹೊಲ ಮತ್ತು 60 ಹುಲ್ಲುಗಾವಲುಗಳ ಮಣ್ಣನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಗಿಡಕ್ಕೆ ರಂಜಕ ತಂದುಕೊಡುವ ಈ ಶಿಲೀಂಧ್ರದ ಶಕ್ತಿ ಹೊಲದಲ್ಲಿ ಕುಂದಲು ಶಿಲೀಂಧ್ರನಾಶಕವನ್ನೇ ಮುಖ್ಯ ಕಾರಣವಾಗಿ ಗುರುತಿಸಿತು.

ಮೂರನೆಯ ಹೆಜ್ಜೆ: ಪಟ್ಟಿ ಬಿಟ್ಟು ನೋಡಿ

ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಬೇಕೆಂದರೆ ಔಷಧ ಬೀಳದ ಸಾಲುಗಳನ್ನು ಬೇಕೆಂದೇ ಬಿಡಬೇಕು. ಬದುವಿನಿಂದ ದೂರ, ಹೊಲದ ನಡುವೆ, ಆರು ಸಾಲಿಗೆ ಔಷಧ, ಆರು ಸಾಲು ಖಾಲಿ, ಮತ್ತೆ ಆರಕ್ಕೆ ಔಷಧ, ಮತ್ತೆ ಆರು ಖಾಲಿ. ಹೀಗೆ ಕನಿಷ್ಠ ಮೂರು ಜೊತೆ ಮಾಡಿ. ನಾಲ್ಕೂ ಮೂಲೆಗೆ ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಡಿಸೆಂಬರ್ ಹೊತ್ತಿಗೆ ನಿಮಗೇ ಮರೆತಿರುತ್ತದೆ. ಖಾಲಿ ಸಾಲಿಗೆ ಅಷ್ಟೇ ಬರಿ ನೀರು ಸುರಿಯಿರಿ. ಇದನ್ನು ಬಿಟ್ಟರೆ ಪರೀಕ್ಷೆ ಕೆಡುತ್ತದೆ, ಏಕೆಂದರೆ ಮಳೆ ನಿಂತ ಸಮಯದಲ್ಲಿ 100 ಮಿಲಿ ಲೀಟರ್ ನೀರೇ ಗಿಡವನ್ನು ಚಿಗುರಿಸಬಹುದು. ಔಷಧದ ಹೆಸರಿನಲ್ಲಿ ನಾವು ಹೊಗಳುವ ಎಷ್ಟೋ ಫಲ ನೀರಿನದೇ ಇರಬಹುದು.

ಪ್ರತಿ ಪಟ್ಟಿಯ ನಡುವಿನ ಎರಡು ಸಾಲುಗಳಲ್ಲಿ 100 ಗಿಡ ಎಣಿಸಿ, ಸತ್ತವೆಷ್ಟು ಎಂದು ಸುರಿಯುವ ದಿನ ಒಮ್ಮೆ, ತಿಂಗಳ ಬಳಿಕ ಒಮ್ಮೆ, ಕೊಯ್ಲಿಗೆ ಮೊದಲು ಒಮ್ಮೆ ಬರೆದಿಡಿ. ಕೊಯ್ಲಿನಲ್ಲಿ ಆ ಎರಡೇ ಸಾಲುಗಳ ಕಾಳು ಬೇರೆ ಬಡಿದು ತೂಗಿ. ಮೂರೂ ಜೊತೆಗಳಲ್ಲಿ ಔಷಧದ ಪಟ್ಟಿಯೇ ಮೇಲಿದ್ದರೆ, ಹೆಚ್ಚಿದ ಕಾಳಿನ ಬೆಲೆಯಿಂದ ಔಷಧ ಮತ್ತು ಆಳಿನ ಖರ್ಚು ಕಳೆಯಿರಿ. ಒಂದರಲ್ಲಿ ಮೇಲು, ಇನ್ನೊಂದರಲ್ಲಿ ಕೆಳಗಾದರೆ ಫಲ ಇಲ್ಲವೆಂದೇ ತಿಳಿಯಿರಿ. ಪಟ್ಟಿಯ ಗುರುತನ್ನು ಮುಂದಿನ ವರ್ಷಕ್ಕೂ ಉಳಿಸಿ, ಅದೇ ಜಾಗದ ಕಡಲೆಯೋ ಜೋಳವೋ ಮೊದಲ ನಲವತ್ತು ದಿನ ಹೇಗೆ ಏಳುತ್ತದೆ ನೋಡಿ. ಶಿಲೀಂಧ್ರಕ್ಕೆ ಬಿದ್ದ ಪೆಟ್ಟು ಕಾಣುವುದಾದರೆ ಆಗ, ಎಳೆಯ ಗಿಡದ ಕುಗ್ಗಿದ ಬೆಳವಣಿಗೆಯಲ್ಲಿ.

ನಾಲ್ಕನೆಯ ಹೆಜ್ಜೆ: ಬೇರಿಗೆ ಶಾಯಿ ಹಚ್ಚಿ

ಬೇರಿನ ಗಂಟು ಕಣ್ಣಿಗೆ ಕಾಣುತ್ತದೆ, ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಮನೆ. ಉಗುರಿನಿಂದ ಸೀಳಿದಾಗ ಒಳಗೆ ಕೆಂಪಿದ್ದರೆ ಕೆಲಸ ನಡೆಯುತ್ತಿದೆ, ಹಸಿರು ಅಥವಾ ಬೂದು ಇದ್ದರೆ ಮುಗಿದಿದೆ. ಬೇರುಶಿಲೀಂಧ್ರ ಬರಿಗಣ್ಣಿಗೆ ಕಾಣುವುದಿಲ್ಲ. ಗೋವಿನಜೋಳದಲ್ಲಿ ಮಾತ್ರ ಒಂದು ಸುಳಿವು ಸಿಗಬಹುದು: ಶಿಲೀಂಧ್ರ ಹೊಕ್ಕ ಸಣ್ಣ ಬೇರು ಆಗ ತಾನೇ ಕಿತ್ತಾಗ ಹಳದಿಯಾಗಿರುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ.

ಕಣ್ಣಾರೆ ನೋಡಬೇಕೆಂದರೆ ಸೂಕ್ಷ್ಮದರ್ಶಕ ಬೇಕು. ಊರಿನ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅದು ಇರುತ್ತದೆ, ಕೇಳಿದರೆ ಮೇಷ್ಟ್ರು ಸಂತೋಷದಿಂದಲೇ ಒಪ್ಪುತ್ತಾರೆ, ವಿದ್ಯಾರ್ಥಿಗಳಿಗೂ ಒಂದು ಪಾಠವಾಗುತ್ತದೆ. ಬಿತ್ತಿದ 45ರಿಂದ 60 ದಿನದ ನಡುವೆ, ಔಷಧ ಬಿದ್ದ ಪಟ್ಟಿಯ ಆರು ಗಿಡ, ಬೀಳದ ಪಟ್ಟಿಯ ಆರು ಗಿಡ ಅಗೆಯಿರಿ. ಮೇಲಿನ 15 ಸೆಂಟಿ ಮೀಟರಿನಲ್ಲಿ ಸಿಗುವ, ದಾರದಷ್ಟು ಸಣ್ಣ ಬೇರುಗಳನ್ನೇ ಆರಿಸಿ ತೊಳೆದು, ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ. ದಪ್ಪ ಬೇರಿನಲ್ಲಿ ಏನೂ ಸಿಗದು.

ಪ್ರಯೋಗಾಲಯದಲ್ಲಿ ಈ ತುಂಡುಗಳನ್ನು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ ಬೇರಿನ ಬಣ್ಣ ತೆಗೆಯುತ್ತಾರೆ. ಇದು ಚರ್ಮ, ಕಣ್ಣು ಸುಡುವ ಕ್ಷಾರ, ಮನೆಯ ಒಲೆಯ ಮೇಲೆ ಮಾಡುವ ಕೆಲಸವಲ್ಲ. ತೊಗರಿಯ ಬೇರು ಕಪ್ಪು, ಅದಕ್ಕೆ ಹೆಚ್ಚು ಹೊತ್ತು ಬೇಕು. ಚೆನ್ನಾಗಿ ತೊಳೆದ ಮೇಲೆ ಅಡುಗೆಯ ಬಿಳಿ ವಿನೆಗರ್ 95 ಪಾಲು, ಪೆನ್ನಿನ ಶಾಯಿ 5 ಪಾಲು ಕಲಸಿ ಅದರಲ್ಲಿ ಮೂರು ನಿಮಿಷ ಕುದಿಸಬೇಕು. ಆಮೇಲೆ ನಾಲ್ಕು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಬಿಡಬೇಕು. ದುಬಾರಿ ಬಣ್ಣದ ಬದಲು ಶಾಯಿ ಸಾಕೆಂದು 1998ರಲ್ಲಿ ತೋರಿಸಿಕೊಡಲಾಯಿತು. ಎಲ್ಲ ಶಾಯಿಯೂ ಹಿಡಿಯುವುದಿಲ್ಲ, ಒಂದೆರಡನ್ನು ಪರೀಕ್ಷಿಸಿ ನೋಡಬೇಕು.

ಸೂಕ್ಷ್ಮದರ್ಶಕದಲ್ಲಿ ಮಾಸಲು ಬೇರಿನೊಳಗೆ ನೀಲಿ ಎಳೆಗಳು, ಜೀವಕೋಶದ ಒಳಗೆ ಪುಟ್ಟ ಮರದಂತೆ ಕವಲೊಡೆದ ರಚನೆ, ಅಲ್ಲಲ್ಲಿ ಮೊಟ್ಟೆಯಾಕಾರದ ಚೀಲಗಳು ಕಾಣುತ್ತವೆ. ರಂಜಕ ಕೈ ಬದಲಾಗುವುದು ಆ ಮರದಂಥ ರಚನೆಯಲ್ಲಿ. ಚೌಕಳಿ ಗೆರೆಯ ತಟ್ಟೆಯ ಮೇಲೆ ತುಂಡುಗಳನ್ನು ಹರಡಿ, ಬೇರು ಗೆರೆ ದಾಟುವ 100 ಜಾಗ ನೋಡಿ, ಎಷ್ಟರಲ್ಲಿ ನೀಲಿ ಇದೆ ಎಂದು ಎಣಿಸಿದರೆ ಶೇಕಡಾವಾರು ಲೆಕ್ಕ ಸಿಕ್ಕಿತು. ಎರಡು ಪಟ್ಟಿಗಳ ಲೆಕ್ಕ ಪಕ್ಕಪಕ್ಕ ಇಡಿ.

ಕಳೆನಾಶಕ ಬಳಸಿದವರಿಗೆ ಒಂದು ಡಬ್ಬಿ ಪರೀಕ್ಷೆ

ತೊಗರಿಗೆ ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್ ಹೇಳಿದ ಪ್ರಮಾಣದಲ್ಲಿ ಬೇರುಶಿಲೀಂಧ್ರವನ್ನು ಹೆಚ್ಚು ಕಾಡುವುದಿಲ್ಲ. ಪಂಪು ತಿರುಗುವ ಕೊನೆಯಲ್ಲಿ ಎರಡು ಬಾರಿ ಬಿದ್ದ ಜಾಗದಲ್ಲಿ ಅದು ಬೇರನ್ನೇ ಮೊಂಡಾಗಿಸುತ್ತದೆ, ಬೇರಿಲ್ಲದ ಕಡೆ ಶಿಲೀಂಧ್ರಕ್ಕೂ ಜಾಗವಿಲ್ಲ. ನನಗೆ ಹೆಚ್ಚು ಚಿಂತೆ ಅಟ್ರಜಿನ್ ಬಗ್ಗೆ. ಜೋಳ, ಗೋವಿನಜೋಳ, ಕಬ್ಬಿಗೆ ಹೊಡೆದ ಅಟ್ರಜಿನ್ ಕ್ಷಾರ ಗುಣದ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತದೆ, ನಮ್ಮ ಎರೆ ಮಣ್ಣು ಕ್ಷಾರದ ಕಡೆಯದೇ. ಹಿಂದಿನ ಬೆಳೆಯ ಔಷಧ ಮುಂದಿನ ಕಡಲೆಗೆ ಮುಳುವಾದರೆ ನಾವು ಬೀಜವನ್ನು ಬೈಯುತ್ತೇವೆ.

ಪರೀಕ್ಷೆ ಸುಲಭ. ಹೊಲದ ಹತ್ತು ಕಡೆ ಮೇಲಿನ 10 ಸೆಂಟಿ ಮೀಟರ್ ಮಣ್ಣು ತೆಗೆದು ಕಲಸಿ ಮೂರು ಡಬ್ಬಿಗೆ ತುಂಬಿ. ಎಂದೂ ಔಷಧ ಬೀಳದ, ಅದೇ ಬಗೆಯ ಮಣ್ಣನ್ನು ಇನ್ನು ಮೂರಕ್ಕೆ ತುಂಬಿ. ತಳಕ್ಕೆ ತೂತಿರಲಿ. ಎಲ್ಲಕ್ಕೂ ಹತ್ತು ಸೌತೆ ಬೀಜ, ಜೊತೆಗೆ ಮುಂದೆ ಬಿತ್ತಬೇಕಾದ ಬೀಜವನ್ನೂ ಹಾಕಿ. ಮೊಳಕೆ ಬಂದ ಕೂಡಲೇ ಖುಷಿಪಟ್ಟು ಚೆಲ್ಲಬೇಡಿ: ಅಟ್ರಜಿನ್ ಮೊಳಕೆ ತಡೆಯುವುದಿಲ್ಲ, ಬೀಜದೊಳಗಿನ ಆಹಾರ ಮುಗಿದು ನಿಜವಾದ ಎಲೆ ಬಂದ ಮೇಲೆ ಅಂಚಿನಿಂದ ಹಳದಿಯಾಗಿ ಸುಡುತ್ತದೆ. ಮೂರು ವಾರ ಬಿಸಿಲು ಬೀಳುವ ಜಾಗದಲ್ಲಿ ಇಟ್ಟು ನೋಡಿ. ಹೊಲದ ಮಣ್ಣಿನ ಡಬ್ಬಿಗಳಲ್ಲಿ ಮಾತ್ರ ಹೀಗಾದರೆ ಕಡಲೆ ಬಿಟ್ಟು ಆ ಸಲ ಜೋಳವನ್ನೇ ಬಿತ್ತಿ.

ಬಿತ್ತನೆಗೆ ಬಂದಾಗ

ನೆಟೆ ಬರುವ ಹೊಲಕ್ಕೆ ತಡೆಯುವ ಗುಣದ ತಳಿಯೇ ಮೊದಲ ಔಷಧ. 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ಈ ಗುಣಕ್ಕೇ ಹೆಸರಾಯಿತು, ಆಮೇಲೆ ಕಲಬುರಗಿಯಲ್ಲೇ ರೂಪುಗೊಂಡ ಟಿಎಸ್-3ಆರ್ ಬಂತು. ಇವು ನೆಟೆಗೆ ನಿಲ್ಲುತ್ತವೆ ಎಂದರೆ ಒಣಬೇರು ಕೊಳೆಗೂ ನಿಲ್ಲುತ್ತವೆಂದು ಅರ್ಥವಲ್ಲ.

ಬೀಜೋಪಚಾರದಲ್ಲಿ ಒಂದನ್ನು ಆರಿಸಿ: ರಾಸಾಯನಿಕವೋ, ಟ್ರೈಕೊಡರ್ಮಾವೋ. ನನ್ನ ಆಯ್ಕೆ ಟ್ರೈಕೊಡರ್ಮಾ, ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ. ಬೆಲ್ಲದ ತೆಳು ಪಾಕದಲ್ಲಿ ಹೊರಳಿಸಿ, ಕೊನೆಯಲ್ಲಿ ರೈಜೋಬಿಯಂ ಸೇರಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತುತ್ತೇನೆ.

ಡಿಎಪಿ ಕೈ ಬಿಗಿ ಹಿಡಿಯಿರಿ. ಒಂದು ಚೀಲದಲ್ಲಿ 23 ಕಿಲೊ ರಂಜಕದ ಅಂಶ ಇದೆ. ರಂಜಕ ತುಂಬಿ ತುಳುಕಿದರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನೇ ತಗ್ಗಿಸುತ್ತದೆ, ಔಷಧ ಹಾಕದೆಯೂ ನಂಟು ಸಡಿಲವಾಗುತ್ತದೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಂಜಕ ಅಧಿಕ ಎಂದಿದ್ದರೆ ಎಕರೆಗೆ ಒಂದೂವರೆ ಚೀಲ ಹಾಕುವ ಹಟ ಬೇಡ.

ಅಕ್ಕಡಿ ಸಾಲಿನ ವಿಷಯದಲ್ಲಿ ಹಿರಿಯರ ಲೆಕ್ಕ ಸರಿಯಾಗಿತ್ತು. ತೊಗರಿಯ ಜೊತೆ ಜೋಳ ಇದ್ದರೆ ನೆಟೆ ತಗ್ಗುತ್ತದೆ ಎಂದು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನ ಹೊಲಗಳಲ್ಲೂ ಕಂಡಿದೆ, ಜೋಳದ ಬೇರು ಬೇರುಶಿಲೀಂಧ್ರಕ್ಕೂ ಒಳ್ಳೆಯ ನೆಲೆ. ಕಡಲೆ, ಅಗಸೆ, ಕುಸುಬೆ, ಸಜ್ಜೆ ಎಲ್ಲವೂ ಅದನ್ನು ಸಾಕುತ್ತವೆ. ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ಪಾಲಕ್, ಬೀಟ್‌ರೂಟ್ ಸಾಕುವುದಿಲ್ಲ. ಯಾದಗಿರಿಯ ಕಾಲುವೆ ಪ್ರದೇಶದಲ್ಲಿ ಭತ್ತಕ್ಕಾಗಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದ ಗದ್ದೆಯಲ್ಲೂ ಇದು ಕುಗ್ಗುತ್ತದೆ. ಇಂಥವುಗಳ ಮೇಲೆ ಮೆಣಸಿನಕಾಯಿಯೋ ಹತ್ತಿಯೋ ಹಾಕುವಾಗ ಎಳೆಯ ಗಿಡ ಮಂಕಾದರೆ ರೋಗವೆಂದು ಹೆದರಿ ಔಷಧ ಸುರಿಯಬೇಡಿ.

ಬೇಸಿಗೆಯ ಆಳ ಉಳುಮೆಯ ಬಗ್ಗೆ ನನಗೆ ಇನ್ನೂ ಎರಡು ಮನಸ್ಸು. ಕಾಯಿಕೊರಕದ ಕೋಶ ಬಿಸಿಲಿಗೆ ಬೀಳುತ್ತದೆ, ನೆಟೆ ಹಿಡಿದ ಬೇರಿನ ಕೂಳೆ ಹೊರಬರುತ್ತದೆ, ಆ ಕೂಳೆಯಲ್ಲಿ ರೋಗ ಮೂರು ವರ್ಷದವರೆಗೂ ಬದುಕಬಲ್ಲದು. ಅದೇ ಉಳುಮೆ ಶಿಲೀಂಧ್ರದ ಬಲೆಯನ್ನೂ ಹರಿಯುತ್ತದೆ. ನಾನು ನೆಟೆ ಬಿದ್ದ ತುಂಡನ್ನಷ್ಟೇ ಆಳ ಉಳುತ್ತೇನೆ, ಸತ್ತ ಗಿಡದ ಕಟ್ಟಿಗೆಯನ್ನು ಬುಡಸಮೇತ ಕಿತ್ತು ಒಲೆಗೆ ಒಯ್ಯುತ್ತೇನೆ, ಉಳಿದ ಹೊಲಕ್ಕೆ ಕುಂಟೆ ಸಾಕು.

ಸಸಿ ಮಾಡುವವರು ಮನೆಯಲ್ಲೇ ಬೆಳೆಸಬಹುದು

ಅಮೆರಿಕದಲ್ಲಿ ಕಿತ್ತಳೆ ಜಾತಿಯ ಸಸಿ ಮಾಡುವ ಮಣ್ಣಿಗೆ ವಿಷದ ಹೊಗೆ ಹಾಯಿಸಿ ಎಲ್ಲ ರೋಗ ಕೊಂದಾಗ ಸಸಿಗಳು ಏಳಲೇ ಇಲ್ಲ. ಕಾರಣ ಬೇರುಶಿಲೀಂಧ್ರವೂ ಸತ್ತದ್ದು ಎಂದು 1972ರಲ್ಲಿ ಪ್ರಕಟವಾಯಿತು. ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಮಾಡುವವರಿಗೂ, ಬೀದರ್ ಕಡೆ ಪಾಲಿಥಿನ್ ಚೀಲದಲ್ಲಿ ತೊಗರಿ ಸಸಿ ಮಾಡಿ ನಾಟಿ ಮಾಡುವವರಿಗೂ ಇದು ಬೇಕಾದ ಮಾತು. ಇಡೀ ಎಕರೆಗೆ ಹರಡುವಷ್ಟು ಮನೆಯಲ್ಲಿ ಮಾಡುವುದು ಕಷ್ಟ, ಚೀಲಕ್ಕೊಂದು ಚಮಚದಷ್ಟು ಮಾಡುವುದು ಸುಲಭ.

ಹಳೆಯ ಬದುವಿನಲ್ಲಿ, ಕರಿಕೆ ಹುಲ್ಲು ವರ್ಷಗಟ್ಟಲೆ ಬೆಳೆದ ಜಾಗದಿಂದ ಬೇರುಸಹಿತ ಒಂದು ಪುಟ್ಟಿ ಮಣ್ಣು ತನ್ನಿ. ನೆಟೆ ಬಿದ್ದ ಹೊಲದ ಮಣ್ಣು ಮಾತ್ರ ಬೇಡ, ಗೆಳೆಯನ ಜೊತೆ ಶತ್ರುವೂ ಬರುತ್ತಾನೆ. ಒಂದು ಪಾಲು ಈ ಮಣ್ಣಿಗೆ ಮೂರು ಪಾಲು ತೊಳೆದ ಮರಳು ಸೇರಿಸಿ ತೂತಿರುವ ತೊಟ್ಟಿಗೆ ತುಂಬಿ. ಜೋಳ ಅಥವಾ ಸಜ್ಜೆಯನ್ನು ಒತ್ತಾಗಿ ಬಿತ್ತಿ, ತೊಗರಿ ಬೇಡ. ಡಿಎಪಿ ಹಾಕಬೇಡಿ, ಗಿಡ ತೀರ ಬಿಳಿಚಿದರೆ ಚಿಟಿಕೆ ಯೂರಿಯಾ ನೀರಿನಲ್ಲಿ ಕರಗಿಸಿ ಕೊಡಿ. ಸುಮಾರು ಮೂರು ತಿಂಗಳ ಬಳಿಕ ಹತ್ತು ದಿನ ನೀರು ನಿಲ್ಲಿಸಿ. ಗಿಡ ಒಣಗುವಾಗ ಶಿಲೀಂಧ್ರ ಬೀಜಾಣು ಕಟ್ಟುತ್ತದೆ. ಮೇಲ್ಭಾಗ ಕತ್ತರಿಸಿ ದನಕ್ಕೆ ಹಾಕಿ, ಬೇರನ್ನು ಸಣ್ಣಗೆ ಕೊಚ್ಚಿ ಅದೇ ಮರಳಿಗೆ ಕಲಸಿ, ನೆರಳಿನಲ್ಲಿ ಆರಿಸಿ ಬಟ್ಟೆಯ ಚೀಲಕ್ಕೆ ತುಂಬಿ.

ಸಸಿಯ ಚೀಲಕ್ಕೆ ಹಾಕುವಾಗ ಬೀಜದ ಕೆಳಗೆ ಎರಡು ಬೆರಳು ಆಳದಲ್ಲಿ ಒಂದು ಚಮಚ ಹಾಕಿ, ಇಳಿಯುವ ಬೇರು ಅದನ್ನು ಮುಟ್ಟಿಯೇ ಹೋಗಬೇಕು. ಮೇಲೆ ಉದುರಿಸಿದರೆ ವ್ಯರ್ಥ. ಆ ಚೀಲಗಳಲ್ಲಿ ಹತ್ತಕ್ಕೆ ಏನೂ ಹಾಕದೆ ಬಿಟ್ಟು ಬೇರೆ ಬಣ್ಣದ ದಾರ ಕಟ್ಟಿ. ಕಾಕಾ ಬಂದು ಕೇಳಿದಾಗ ಈ ಸಲ ತೋರಿಸಲು ಏನಾದರೂ ಇರುತ್ತದೆ.